ಕೊನೆಯ ಚಿತ್ರದಲ್ಲಿ ಕೊಡೆ ಹಿಡಿದವನು

ಕೆಲವರಿಗೆ ಚಟಗಳು ಹುಟ್ಟಿನಿಂದ ಬರುತ್ತವೆ, ಕೆಲವರಿಗೆ ಸಹವಾಸದಿಂದ. ನಮ್ಮ ಗುಮಾಸ್ತನಿಗೆ ಅಂಟಿದ್ದು ನೌಕರಿಯಿಂದ ಬಂದ ಚಟ, ಸರ್ಕಾರವೇ ಸಂಬಳ ಕೊಟ್ಟು ಕಲಿಸಿದ್ದು. ಅವನು ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೂರುವವನು. ನಲ್ಲಿಯಲ್ಲಿ ನೀರಿಲ್ಲ ಎಂದು ಬಂದವರಿಗೂ, ನೀರು ನಿಲ್ಲುತ್ತಲೇ ಇಲ್ಲ ಎಂದು ಬಂದವರಿಗೂ, ನೀರು ಹಸಿರಾಗಿದೆ ಎಂದು ಬಾಟಲಿ ಹಿಡಿದು ಬಂದವರಿಗೂ ಅವನ ಉತ್ತರ ಒಂದೇ: "ನೋಡಿದ್ದೀನಿ, ನೋಡಿದ್ದೀನಿ. ಆಗುತ್ತೆ." ಅವನು ಏನನ್ನೂ ನೋಡಿರುತ್ತಿರಲಿಲ್ಲ ಎಂಬುದು ಬೇರೆ ಮಾತು. ಆದರೂ ಅಷ್ಟು ಕೇಳಿದ ಕೂಡಲೇ ಜನಕ್ಕೆ ಅರ್ಧ ಸಮಾಧಾನವಾಗುತ್ತಿತ್ತು. ಉಳಿದರ್ಧಕ್ಕೆ ಮೇಲಿನ ಮಹಡಿಯಲ್ಲಿ ಎಂಜಿನಿಯರ್ ಇದ್ದರು.

ಈ ಚಟ ಕಚೇರಿಯಲ್ಲೇ ಉಳಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಕಚೇರಿಗೆ ಬೀಗ ಹಾಕಬಹುದು, ನಾಲಿಗೆಗೆ ಹಾಕಲಾಗುತ್ತದೆಯೇ? ಹೆಂಡತಿ ಒಲೆಯ ಮೇಲೆ ಹಾಲಿಟ್ಟು ಸ್ವಲ್ಪ ನೋಡಿ ಎಂದರೆ, ಪತ್ರಿಕೆಯಿಂದ ತಲೆ ಎತ್ತದೆ "ನೋಡಿದ್ದೀನಿ" ಎನ್ನುತ್ತಿದ್ದ. ಅಷ್ಟರಲ್ಲಿ ಹಾಲೇ ಪಾತ್ರೆಯಿಂದ ಹೊರಗೆ ಬಂದು ಇವನನ್ನು ನೋಡಿಕೊಂಡು ಹೋಗಿರುತ್ತಿತ್ತು. ಹೆಂಡತಿ ಬೈದೂ ಬೈದೂ ಸುಸ್ತಾಗಿ, ಹಾಲನ್ನು ತಾನೇ ನೋಡಿಕೊಳ್ಳಲು ಶುರುಮಾಡಿ ಬಹಳ ಕಾಲವಾಗಿತ್ತು.

ಅದೇ ಬೀದಿಯ ಕೊನೆಯಲ್ಲಿ ಒಂದು ಶಾಖಾ ಗ್ರಂಥಾಲಯವಿತ್ತು. ಒಂದೇ ದೊಡ್ಡ ಕೋಣೆ, ಹಿಂದೆ ಒಂದು ಸಣ್ಣ ಕೋಣೆ, ನಡುವೆ ಗಟ್ಟಿಯಾಗಿ ತಳ್ಳದೆ ಮುಚ್ಚಿಕೊಳ್ಳದ ಬಾಗಿಲು. ಅಲ್ಲಿನ ಗ್ರಂಥಪಾಲಕಿ ಗುಮಾಸ್ತನ ಅಕ್ಕ. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ಅವನಿಗೆ ಅಕ್ಷರ ತಿದ್ದಿಸಿದವಳೂ ಅವಳೇ, ಕಿವಿ ಹಿಂಡಿದವಳೂ ಅವಳೇ. ಈಗಲೂ ಸಂಜೆ ಕಚೇರಿ ಬಿಟ್ಟ ಕೂಡಲೇ ಅವನು ಮನೆಗೆ ಹೋಗುವ ಮುನ್ನ ಅವಳ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು, ದಿನದ ಹಾಡನ್ನೆಲ್ಲ ಹೇಳಿಕೊಳ್ಳುತ್ತಿದ್ದ. ಅಕ್ಕ ಕೇಳಿಸಿಕೊಳ್ಳುತ್ತ ರಬ್ಬರು ಹಿಡಿದು, ಓದುಗರು ಪುಸ್ತಕದಲ್ಲಿ ಎಳೆದ ಪೆನ್ಸಿಲ್ ಗೆರೆಗಳನ್ನು ಅಳಿಸುತ್ತ ಕೂರುತ್ತಿದ್ದಳು. ಪುಸ್ತಕದಲ್ಲಿ ಗೀಚಬಾರದು ಎಂಬ ಬೋರ್ಡನ್ನು ಅವಳೇ ಬರೆದು ಗೋಡೆಗೆ ಹಾಕಿದ್ದಳು. ಅದರ ಮೇಲೂ ಯಾರೋ ಗೀಚಿದ್ದರು.

ಆ ತಿಂಗಳು ಅಕ್ಕನಿಗೆ ಕೆಟ್ಟ ಸುದ್ದಿ ಬಂತು. ಕೇಂದ್ರ ಗ್ರಂಥಾಲಯದ ಸಾಹೇಬರು ತಿಂಗಳ ಕೊನೆಗೆ ತಪಾಸಣೆಗೆ ಬರುತ್ತಾರಂತೆ. ಓದುಗರು ಕಾಣದಿದ್ದರೆ ಶಾಖೆ ಮುಚ್ಚಿಸಿ, ಬೇರೆ ಬೇರೆ ಕಚೇರಿಗಳಲ್ಲಿ ಕಾಲು ಮುರಿದುಕೊಂಡ ಕುರ್ಚಿಗಳನ್ನು ತಂದು ಅಲ್ಲಿ ತುಂಬಿಸುತ್ತಾರಂತೆ. ಅಕ್ಕನನ್ನು ಊರಿನ ಆ ತುದಿಯ ಉಗ್ರಾಣಕ್ಕೆ ಹಾಕುತ್ತಾರಂತೆ. ಓದುಗರು ಎಂದರೆ ಅಲ್ಲಿ ಯಾರಿದ್ದರು? ಪತ್ರಿಕೆಗೆ ಬರುವ ನಿವೃತ್ತ ಮೇಷ್ಟ್ರು, ಫ್ಯಾನಿನ ಕೆಳಗೆ ಕಣ್ಣು ಮುಚ್ಚಲು ಬರುವ ಇಬ್ಬರು, ಮಳೆ ಬಂದರೆ ಮಾತ್ರ ಇಡೀ ಬೀದಿ. ಅಕ್ಕ ರಬ್ಬರನ್ನು ಸ್ವಲ್ಪ ಜೋರಾಗಿ ಉಜ್ಜಿದಳು. ಸಂಜೆ ಆ ಸ್ಟೂಲು ಇಲ್ಲದಿದ್ದರೆ ತಾನು ಎಲ್ಲಿಗೆ ಹೋಗುವುದು ಎಂದು ಗುಮಾಸ್ತನಿಗೆ ತೋಚಲಿಲ್ಲ.

ಜನರನ್ನು ಸೆಳೆಯಲೆಂದು ಅಕ್ಕ ಬೀರುವಿನ ಹಿಂದಿನಿಂದ ಸಚಿತ್ರ ಪುಸ್ತಕಗಳನ್ನು ತೆಗೆದು, ಧೂಳು ಒರೆಸಿ, ಬಾಗಿಲ ಹತ್ತಿರದ ಮೇಜಿನ ಮೇಲೆ ಹರಡಿದಳು. ಅವುಗಳಲ್ಲೊಂದು ದಾರಿ ತಪ್ಪಿದ ನಾವಿಕನ ಹಳೆಯ ಕಥೆ. ಎಲ್ಲರೂ ಹೊಗಳುವ, ಯಾರೂ ಪೂರ್ತಿ ಓದಿರದ ಮಹಾಗ್ರಂಥಗಳಿರುತ್ತವಲ್ಲ, ಆ ಜಾತಿಯದು. ಆದರೆ ಈ ಆವೃತ್ತಿಯಲ್ಲಿ ಒಂದು ಚಮತ್ಕಾರವಿತ್ತು. ಚಿತ್ರ ಬರೆದಾಕೆ ಪ್ರತಿಯೊಂದು ಚಿತ್ರದಲ್ಲೂ ಒಂದೊಂದು ಪದ ಅಡಗಿಸಿದ್ದಾಳೆ, ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ಒಂದು ವಾಕ್ಯವಾಗುತ್ತದೆ ಎಂದು ಮುನ್ನುಡಿಯಲ್ಲಿ ಬರೆದಿತ್ತು. ತಿಮಿಂಗಿಲ ಚಿಮ್ಮಿಸಿದ ನೀರಿನಲ್ಲಿ ಒಂದು ಪದ, ಹಾಯಿಯ ಮಡಿಕೆಯಲ್ಲಿ ಒಂದು, ಅಡುಗೆಯವನ ಗಡ್ಡದಲ್ಲಿ ಒಂದು. ಮೇಷ್ಟ್ರು ಭೂತಗನ್ನಡಿ ಹಿಡಿದು ಇಡೀ ವಾರ ಕೂತು ಅಷ್ಟನ್ನೂ ಬಿಡಿಸಿದರು. ಕಳೆದುಕೊಂಡದ್ದನ್ನು ಹುಡುಕಿ ಹೊರಟವನಿಗೆ ಕೊನೆಗೆ ಸಿಕ್ಕಿದ್ದು ಎನ್ನುವವರೆಗೆ ಬಂದು ವಾಕ್ಯ ನಿಂತುಬಿಟ್ಟಿತು. ಏನು ಸಿಕ್ಕಿತು ಎಂಬುದು ಕೊನೆಯ ಚಿತ್ರದಲ್ಲಿರಬೇಕು. ಅದರಲ್ಲಿ ಹಡಗು ಬಂದರಿಗೆ ಮರಳಿದೆ, ದಡದಲ್ಲಿ ಜನಜಂಗುಳಿ. ಮೇಷ್ಟ್ರು ಎಷ್ಟು ಜಾಲಾಡಿದರೂ ಆ ಪದ ಸಿಗಲಿಲ್ಲ.

ಅಂದು ಸಂಜೆ ಗುಮಾಸ್ತ ಒದ್ದೆ ಕೊಡೆ ಕೊಡವಿಕೊಂಡು ಒಳಗೆ ಬಂದ. ಮನಸ್ಸು ಇನ್ನೂ ಕಚೇರಿಯಲ್ಲೇ ಇತ್ತು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, ಈ ಕೊನೆಯ ಚಿತ್ರದ ಪದ ಇಲ್ಲಿಯವರೆಗೆ ಒಬ್ಬರಿಗೂ ಸಿಕ್ಕಿಲ್ಲವಂತೆ, ನೀವೇನಾದರೂ ನೋಡಿದಿರಾ ಎಂದು ಕೇಳಿದರು.

"ನೋಡಿದ್ದೀನಿ, ನೋಡಿದ್ದೀನಿ," ಎಂದ ಗುಮಾಸ್ತ.

ಫ್ಯಾನಿನ ಕೆಳಗಿನ ಇಬ್ಬರಿಗೂ ಎಚ್ಚರವಾಯಿತು. ಮೇಷ್ಟ್ರ ಕೈಯಿಂದ ಭೂತಗನ್ನಡಿ ಜಾರಿತು. ಏನು ಪದ, ಎಲ್ಲಿದೆ ಎಂದು ಅವರು ಎದ್ದೇ ನಿಂತರು. ತನ್ನ ಬಾಯಿಂದ ಏನು ಬಿತ್ತು ಎಂಬುದು ಗುಮಾಸ್ತನಿಗೆ ಆಗ ಅರಿವಾಯಿತು. ಇಲ್ಲ ಎಂದು ಅಲ್ಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ದೂರು ಕಿಟಕಿಯಲ್ಲಿ ಕೂತವನಿಗೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡು ಅಭ್ಯಾಸವಿಲ್ಲ.

"ಹೇಳಬಾರದು ಮೇಷ್ಟ್ರೇ," ಎಂದ, ಕೊಡೆ ಮಡಿಸುತ್ತ. "ಹೇಳಿದ್ರೆ ಚಿತ್ರ ಬರೆದವರಿಗೆ ಅವಮಾನ ಮಾಡಿದ ಹಾಗೆ. ಅವರವರ ಪದ ಅವರವರೇ ಹುಡುಕ್ಕೋಬೇಕು."

ಈ ಮಾತು ತನ್ನೊಳಗೆ ಎಲ್ಲಿಂದ ಬಂತೆಂದು ಅವನಿಗೇ ಆಶ್ಚರ್ಯ. ಮೇಷ್ಟ್ರು ಮಾತ್ರ ತಲೆದೂಗಿದರು. ಇಷ್ಟು ದಿನ ಈ ಮನುಷ್ಯನನ್ನು ಬರೀ ನಲ್ಲಿ ನೀರಿನವನು ಅಂದುಕೊಂಡಿದ್ದೆನಲ್ಲ ಎಂದು ಪೇಚಾಡಿಕೊಂಡು, ಆ ಪೇಚಾಟವನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚುತ್ತ ಮನೆಗೆ ಹೋದರು.

ಬೀದಿಯಲ್ಲಿ ಸುದ್ದಿ ಹರಡಲು ದರ್ಜಿಯ ಅಂಗಡಿಯೊಂದೇ ಸಾಕು. ಅಳತೆ ತೆಗೆಯುವಾಗ ಮನುಷ್ಯ ಎರಡೂ ಕೈ ಎತ್ತಿ ಅಲ್ಲಾಡದೆ ನಿಂತಿರಬೇಕು, ದರ್ಜಿ ಏನು ಹೇಳಿದರೂ ಕೇಳಬೇಕು. ದರ್ಜಿಗೂ ಮೇಷ್ಟ್ರಿಗೂ ಒಂದು ಕೋಟಿನ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾಗಿದ್ದವು. ಕೋಟಿನ ಒಂದು ತೋಳು ಉದ್ದವಾಯಿತೆಂದು ಮೇಷ್ಟ್ರು, ಮೇಷ್ಟ್ರ ಕೈಯೇ ಗಿಡ್ಡವೆಂದು ದರ್ಜಿ. ಹಾಗಾಗಿ ಮೇಷ್ಟ್ರಿಗೆ ಸಿಗದ ಪದವನ್ನು ತಾನು ಹುಡುಕಿ ತೋರಿಸಬೇಕೆಂದು ದರ್ಜಿಗೆ ಛಲ ಬಂತು. ಮರುದಿನವೇ ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿಕೊಂಡು ಗ್ರಂಥಾಲಯಕ್ಕೆ ಬಂದ. ಅವನ ಹಿಂದೆ ಅವನ ಗಿರಾಕಿಗಳು ಬಂದರು. ಅವರ ಹಿಂದೆ, ಏನು ಗಲಾಟೆ ಎಂದು ನೋಡಲು ಉಳಿದವರು ಬಂದರು.

ಇದ್ದದ್ದು ಒಂದೇ ಪುಸ್ತಕ. ಅಕ್ಕ ಗೋಡೆಗೆ ಕರಿಹಲಗೆ ನಿಲ್ಲಿಸಿ, ಅರ್ಧ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಬರೆದು, ಕೊನೆಯ ಜಾಗ ಖಾಲಿ ಬಿಟ್ಟು ಸೀಮೆಸುಣ್ಣ ಇಟ್ಟಳು. ಹುಡುಕಿ ಹೊರಟವನಿಗೆ ಸಿಕ್ಕಿದ್ದು ನಿಧಿ ಎಂದು ಒಬ್ಬ ಬರೆದರೆ, ನೆಮ್ಮದಿ ಎಂದು ಇನ್ನೊಬ್ಬ ತಿದ್ದಿದ. ಮನೆ ಬಾಡಿಗೆಗೆ ಹುಡುಕುತ್ತಿದ್ದವನೊಬ್ಬ ತಲೆನೋವು ಎಂದು ಬರೆದು ಹೋದ. ಸರದಿ ಕಾಯಲಾರದವರು ಪಕ್ಕದ ಸಚಿತ್ರ ಪುಸ್ತಕಗಳಲ್ಲೂ ಪದಗಳಿರಬಹುದೆಂದು ಅವನ್ನು ಕೈಗೆತ್ತಿಕೊಂಡರು. ಪದ ಸಿಗದಿದ್ದಾಗ ಕಥೆಯಲ್ಲಿ ಸುಳಿವಿರಬಹುದೆಂದು ಓದಿಯೂಬಿಟ್ಟರು. ಫ್ಯಾನಿನ ಕೆಳಗೆ ನಿದ್ದೆ ಮಾಡಲು ಜಾಗವಿಲ್ಲದೆ ಆ ಇಬ್ಬರೂ ಓದುಗರಾಗಬೇಕಾಯಿತು. ಸಂಜೆ ಅಕ್ಕನಿಗೆ ಅಳಿಸಲು ಎಷ್ಟು ಪೆನ್ಸಿಲ್ ಗುರುತು ಇರುತ್ತಿತ್ತೆಂದರೆ, ರಬ್ಬರು ಸವೆದು ಬೆರಳಿಗೆ ಸಿಗದಂತಾಯಿತು. ಅವಳ ಮುಖದಲ್ಲಿ ಮಾತ್ರ ಹತ್ತು ವರ್ಷ ಇಳಿದಂತಿತ್ತು.

ಇತ್ತ ಗುಮಾಸ್ತನಿಗೆ ಬಾಳು ಬೇಡವಾಗಿತ್ತು. ದೂರು ಕಿಟಕಿಗೆ ಬಂದವರು ನೀರಿನ ಮಾತೇ ಎತ್ತುತ್ತಿರಲಿಲ್ಲ. ಪೈಪು ಒಡೆದು ಮನೆಯೊಳಗೆ ಮಂಡಿಯುದ್ದ ನೀರು ನಿಂತವರೊಬ್ಬರು, ಅದಿರಲಿ, ಪದದ ಮೊದಲಕ್ಷರವಾದರೂ ಹೇಳಿ ಎಂದು ಕಿಟಕಿಯ ಸರಳು ಹಿಡಿದು ಅಂಗಲಾಚಿದರು. ಎಂಜಿನಿಯರ್ ಜನ್ಮದಲ್ಲಿ ಮೊದಲ ಬಾರಿಗೆ ಮಹಡಿ ಇಳಿದು ಬಂದು, ಬಾಗಿಲು ಮುಚ್ಚಿ, ನನ್ನೊಬ್ಬನಿಗೆ ಹೇಳಿದರೆ ಯಾರಿಗೆ ನಷ್ಟ ಎಂದು ಕೇಳಿದರು. ಗುಮಾಸ್ತ ಎಲ್ಲರಿಗೂ ಅವರವರ ಪದ ಅವರವರೇ ಎಂಬ ಅದೇ ಮಾತು ಹೇಳಿದ. ಹೇಳಿದಷ್ಟೂ ಅವನ ಬೆಲೆ ಏರಿತು. ಕಂಡ ಸತ್ಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವ ಮಹಾನುಭಾವ ಎಂದು ಜನ ದಾರಿ ಬಿಟ್ಟು ನಿಲ್ಲತೊಡಗಿದರು. ಹೊಟ್ಟೆಯಲ್ಲಿ ಇದ್ದದ್ದು ಭಯವೊಂದೇ.

ದರ್ಜಿಯೊಬ್ಬ ಮಾತ್ರ ಅವನನ್ನು ಛೇಡಿಸುವುದು ಬಿಟ್ಟಿರಲಿಲ್ಲ. ಕೊನೆಯ ಚಿತ್ರದ ಕೆಳಮೂಲೆಯಲ್ಲಿ ಕೊಡೆ ಹಿಡಿದು, ಕನ್ನಡಕ ಹಾಕಿ ನಿಂತ ಒಬ್ಬ ಪುಟ್ಟ ಮನುಷ್ಯನಿದ್ದ. ಊರೆಲ್ಲ ಹಡಗಿನ ಕಡೆ ನೋಡುತ್ತಿದ್ದರೆ ಅವನೊಬ್ಬ ಬೆನ್ನು ಹಾಕಿ ಯಾವುದೋ ಕಂಬವನ್ನು ನೋಡುತ್ತಿದ್ದ. ಇವನು ಥೇಟ್ ನಿಮ್ಮ ಹಾಗೇ ಇದ್ದಾನಲ್ಲ ಎಂದು ದರ್ಜಿ ಎಲ್ಲರೆದುರು ಹೇಳಿದ್ದ. ಗುಮಾಸ್ತನಿಗೆ ಮೈ ಉರಿದುಹೋಯಿತು. ಅಂದಿನಿಂದ ಆ ಪುಟ ತೆರೆದಾಗಲೆಲ್ಲ ಅವನು ಬಲಗೈ ಹೆಬ್ಬೆರಳನ್ನು ಆ ಮೂಲೆಯ ಮೇಲೆ ಅದುಮಿ, ಆ ಪೆದ್ದನ ಮುಖ ಕಾಣದಂತೆ ಮುಚ್ಚಿಕೊಂಡು ಉಳಿದ ಚಿತ್ರ ನೋಡುತ್ತಿದ್ದ.

ಏಕೆಂದರೆ ಅವನೂ ಕದ್ದುಮುಚ್ಚಿ ಹುಡುಕುತ್ತಿದ್ದ. ಒಂದು ರಜಾದಿನ ಅಕ್ಕನನ್ನು ಕಾಡಿ ಬೇಡಿ ಪುಸ್ತಕವನ್ನು ಮನೆಗೆ ತಂದು, ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಕುಳಿತ. ಹಗ್ಗ, ಹಾಯಿ, ಅಲೆ, ಮೋಡ, ಒಂದನ್ನೂ ಬಿಡಲಿಲ್ಲ. ಬಹಳ ಹೊತ್ತಾದರೂ ಗಂಡ ಹೊರಗೆ ಬಾರದ್ದನ್ನು ಕಂಡು ಹೆಂಡತಿ ಬಾಗಿಲು ತಟ್ಟಿ ತೆಗೆಸಿದಳು. ನೋಡಿದರೆ ಮಹಾನುಭಾವರು ಬಕೆಟ್ಟು ಮಗುಚಿ ಅದರ ಮೇಲೆ ಕುಳಿತು, ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಾರೆ.

"ಸಿಕ್ಕೇ ಇಲ್ಲ ಅಲ್ವಾ ನಿಮಗೆ?" ಎಂದಳು ಅವಳು.

ಗುಮಾಸ್ತ ತಲೆ ತಗ್ಗಿಸಿದ.

"ಹಾಲು ನೋಡಿದ್ದೀನಿ ಅಂತೀರಲ್ಲ, ಆಗಲೇ ಗೊತ್ತಾಗಬೇಕಿತ್ತು ಈ ಊರಿಗೆ. ನನ್ನನ್ನೊಂದು ಮಾತು ಕೇಳಿದ್ರೆ ಹೇಳ್ತಿದ್ದೆ. ಎದ್ದೇಳಿ, ಹೋಗಿ ಅಕ್ಕನ ಹತ್ರ ನಿಜ ಹೇಳಿಬಿಡಿ. ಸಾಹೇಬರ ಮುಂದೆ ಗೊತ್ತಾದ್ರೆ ಮರ್ಯಾದೆ ಹೋಗೋದು ನಿಮ್ಮದಲ್ಲ, ಅಕ್ಕನದು."

ಅವಳ ಮಾತು ನ್ಯಾಯವಾಗಿಯೇ ಇತ್ತು. ಗುಮಾಸ್ತ ಅಂಗಿಯ ಗುಂಡಿ ಹಾಕಿಕೊಂಡು, ಗಟ್ಟಿ ಮನಸ್ಸು ಮಾಡಿ ಹೊರಟ. ಆದರೆ ಗ್ರಂಥಾಲಯದ ಬಾಗಿಲಲ್ಲಿ ನಿಂತು ನೋಡಿದರೆ ಅಕ್ಕ ಹೊಸ ಬೆಂಚು ಎಳೆದು ಹಾಕುತ್ತಿದ್ದಾಳೆ, ಹಾಕುವ ಮೊದಲೇ ಜನ ಕೂರುತ್ತಿದ್ದಾರೆ. ಅವಳು ತಮ್ಮನನ್ನು ನೋಡಿ, ಎಲ್ಲಾ ನಿನ್ನಿಂದ ಕಣೋ ಎಂದು ಅವನ ಬೆನ್ನು ಸವರಿದಳು. ಚಿಕ್ಕಂದಿನಲ್ಲಿ ಪರೀಕ್ಷೆ ಪಾಸಾದಾಗ ಸವರಿದ್ದು ಬಿಟ್ಟರೆ ಇದೇ. ಗುಮಾಸ್ತನ ಬಾಯಿಗೆ ಬಂದದ್ದು ಹಾಗೇ ಕೆಳಗಿಳಿದು ಹೋಯಿತು. ಅವನು ಪುಸ್ತಕ ಮರಳಿಸಿ, ಸ್ಟೂಲಿನ ಮೇಲೆ ಕೂತು, ಬಂದ ದಾರಿಯಲ್ಲೇ ಹಿಂತಿರುಗಿದ.

ದರ್ಜಿಯ ಗಿರಾಕಿಗಳಲ್ಲಿ ಒಬ್ಬ ವರದಿಗಾರನಿದ್ದ. ಅಳತೆ ಕೊಡುತ್ತ ಕೈ ಎತ್ತಿ ನಿಂತಿದ್ದಾಗಲೇ ಅವನಿಗೆ ಸುದ್ದಿ ಸಿಕ್ಕಿತು. ಮಾರನೆಯ ವಾರ ಪತ್ರಿಕೆಯ ಒಳಪುಟದಲ್ಲಿ, ಯಾರಿಗೂ ಬಿಡಿಸಲಾಗದ ಚಿತ್ರದೊಗಟನ್ನು ನೀರು ಸರಬರಾಜು ನೌಕರ ಬಿಡಿಸಿದನೆಂದು ಅಚ್ಚಾಯಿತು. ಪಕ್ಕದಲ್ಲಿ ಗುಮಾಸ್ತನ ಫೋಟೋ ಇತ್ತು. ಅದರಲ್ಲೂ ಅವನು ಬೇರೆ ಕಡೆ ನೋಡುತ್ತಿದ್ದ.

ಸಾಹೇಬರು ತಪಾಸಣೆಗೆ ಬಂದದ್ದು ಅದರ ಮರುದಿನವೇ. ಎತ್ತರದ ಆಳು, ಸಣ್ಣ ದನಿ. ಕಾಲಿಡಲು ಜಾಗವಿಲ್ಲದ ಕೋಣೆಯನ್ನು ಬಾಗಿಲಿನಿಂದಲೇ ನೋಡಿ ಅವರ ಹುಬ್ಬು ಗಂಟಿಕ್ಕಿತು. ಹೋದ ವರ್ಷ ಬಂದಾಗ ತಾವು ಇಲ್ಲಿ ಇಬ್ಬರ ಗೊರಕೆ ಕೇಳಿದ್ದು ಅವರಿಗೆ ನೆನಪಿತ್ತು. ಶಾಖೆ ಉಳಿಸಿಕೊಳ್ಳಲು ಜನರನ್ನು ಕರೆತಂದು ಕೂರಿಸಿದ್ದೀರಾ ಎಂದು ಅವರು ಅಕ್ಕನನ್ನು ಕೇಳಿದರು. ಅಕ್ಕನ ಮುಖ ಬಾಡಿತು. ಮೇಷ್ಟ್ರು ಎದ್ದು, ಯಾರೂ ಕರೆದಿಲ್ಲ ಸ್ವಾಮಿ, ನಾವು ಪದಕ್ಕೆ ಬಂದವರು ಎಂದು ಪತ್ರಿಕೆಯನ್ನು ಬಿಡಿಸಿ ತೋರಿಸಿದರು. ಸಾಹೇಬರು ಪತ್ರಿಕೆಯ ಫೋಟೋ ನೋಡಿದರು, ಸ್ಟೂಲಿನ ಮೇಲೆ ಮುದುಡಿ ಕುಳಿತಿದ್ದ ಗುಮಾಸ್ತನನ್ನೂ ನೋಡಿದರು.

"ಒಳ್ಳೇದು," ಎಂದರು ತಣ್ಣಗೆ. "ಈ ಗದ್ದಲಕ್ಕೆಲ್ಲ ಮೂಲ ಆ ಪದ ತಾನೇ? ಅದು ಇದೆ ಅಂತ ಈಗ ಇಲ್ಲೇ ತೋರಿಸಿ. ಇಲ್ಲ ಅಂದ್ರೆ ಇದೆಲ್ಲ ನಾಟಕ ಅಂತ ಬರೀತೀನಿ. ನಾಳೆ ಬೆಳಿಗ್ಗೆಯಿಂದ ಕುರ್ಚಿಗಳು ಬರ್ತವೆ."

ಎಲ್ಲರ ಕಣ್ಣೂ ಗುಮಾಸ್ತನ ಮೇಲೆ. ಅವನು ಎದ್ದು ನಿಂತ. ಅಕ್ಕ ಪುಸ್ತಕ ತಂದು ಅವನ ಮುಂದೆ ಚಾಚಿದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ತಲೆ ನೆರೆತ, ಬೆರಳುಗಳಿಗೆಲ್ಲ ಶಾಯಿ ಮೆತ್ತಿಕೊಂಡ ಒಬ್ಬ ವಯಸ್ಸಾದ ಹೆಂಗಸು, ಕೈಯಲ್ಲಿ ಅದೇ ಪತ್ರಿಕೆ. ನಾನು ಆ ಪುಸ್ತಕಕ್ಕೆ ಚಿತ್ರ ಬರೆದವಳು, ಪದ ಕಂಡುಹಿಡಿದ ಮಹನೀಯರ ಹತ್ತಿರ ಏಕಾಂತದಲ್ಲಿ ಎರಡು ಮಾತು ಆಡಬೇಕಿತ್ತು ಎಂದಳು.

ಜನ ಚಪ್ಪಾಳೆ ತಟ್ಟಿದರು. ಗುಮಾಸ್ತನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಸಾಹೇಬರು ಗಡಿಯಾರ ನೋಡಿಕೊಂಡು, ಬೇಗ ಮುಗಿಸಿ ಎಂದರು.

ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳೂ ಒಂದು ಮುರುಕು ಮೇಜೂ ಇದ್ದವು. ಗುಮಾಸ್ತ ಪುಸ್ತಕದ ಸಮೇತ ಒಳಗೆ ಬಂದು, ಬಾಗಿಲು ತಳ್ಳಿ ಮುಚ್ಚಿ, ಬೆನ್ನು ಆನಿಸಿ ನಿಂತ. ಇನ್ನೇನು ಬೈಗುಳ ಶುರುವಾಗುತ್ತದೆ ಎಂದುಕೊಂಡರೆ, ಆಕೆ ಅವನಿಗಿಂತ ಹೆಚ್ಚು ಹೆದರಿದ್ದಳು. ಒಂದು ಕೈಯಲ್ಲಿ ಸೆರಗಿನ ತುದಿ ಹಿಂಡುತ್ತ, ಮೆಲ್ಲಗೆ, ಯಾವ ಪದ ಕಂಡಿರಿ ಎಂದು ಕೇಳಿದಳು. ಅದು ನಿಮಗೇ ಗೊತ್ತಿರುತ್ತದಲ್ಲ ಎಂದ ಇವನು. ಇರಲಿ, ನೀವೇ ಹೇಳಿ ಎಂದಳು ಅವಳು. ಹಿರಿಯರು, ಮೊದಲು ನೀವು ಎಂದ ಇವನು. ಕಂಡವರು ನೀವು, ನೀವೇ ಮೊದಲು ಎಂದಳು ಅವಳು. ಹೀಗೆ ಒಬ್ಬರನ್ನೊಬ್ಬರು ಉಪಚಾರ ಮಾಡಿಕೊಳ್ಳುತ್ತಲೇ ಸ್ವಲ್ಪ ಹೊತ್ತು ಹೋಯಿತು. ಹೊರಗೆ ಸಾಹೇಬರ ಬೂಟು ಅತ್ತಿಂದಿತ್ತ ನಡೆಯುತ್ತಿತ್ತು.

ಕೊನೆಗೆ ಗುಮಾಸ್ತನಿಗೆ ತಡೆಯಲಾಗಲಿಲ್ಲ. "ಅಮ್ಮಾ, ನಾನು ಏನೂ ನೋಡಿಲ್ಲ. ಬಾಯಿ ತಪ್ಪಿ ಹೇಳಿದೆ. ಸುಳ್ಳು."

ಆಕೆ ಅಲ್ಲೇ ಮೇಜಿಗೆ ಒರಗಿದಳು. ಅವಳ ಮುಖದಲ್ಲಿ ಮೊದಲು ನಿರಾಸೆ, ಆಮೇಲೆ ನಗು ಬಂತು.

"ನಾನೂ ಏನೂ ಬರೆದಿಲ್ಲಪ್ಪಾ," ಎಂದಳು. "ಆ ಚಿತ್ರದಲ್ಲಿ ಪದಾನೇ ಇಲ್ಲ."

ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲವನ್ನೂ ಹೇಳಿದಳು. ನಾವಿಕನಿಗೆ ಕೊನೆಗೆ ಏನು ಸಿಕ್ಕಿತೆಂದು ಬರೆಯಬೇಕೋ ಅವಳಿಗೆ ಹೊಳೆದಿರಲಿಲ್ಲ. ನಿಧಿ ಎಂದರೆ ಕ್ಷುಲ್ಲಕ, ನೆಮ್ಮದಿ ಎಂದರೆ ಬೂಟಾಟಿಕೆ. ನಾಳೆ ಬರೆದರಾಯಿತು ಎಂದು ಜಾಗ ಬಿಟ್ಟಿದ್ದಳು. ಅಷ್ಟರಲ್ಲಿ ಪ್ರಕಾಶಕರ ಕಡೆಯವನು ಬಂದು ಶಾಯಿ ಆರುವ ಮೊದಲೇ ಚಿತ್ರ ಕಿತ್ತುಕೊಂಡು ಹೋದ. ಪುಸ್ತಕ ಅಚ್ಚಾಯಿತು. ಅಂದಿನಿಂದ ಕೇಳಿದವರಿಗೆಲ್ಲ, ಹುಡುಕಿ, ಸಿಗುತ್ತದೆ ಎಂದು ಹೇಳುತ್ತ ತಲೆ ತಪ್ಪಿಸಿಕೊಂಡು ಬದುಕಿದ್ದಳು. ಪತ್ರಿಕೆಯಲ್ಲಿ ಸುದ್ದಿ ನೋಡಿ, ತಾನು ಬರೆಯದ ಪದ ಯಾರೋ ಪುಣ್ಯಾತ್ಮನಿಗೆ ಕಂಡಿದೆ, ಅದೇನೆಂದು ಕೇಳಿ ತಿಳಿದುಕೊಳ್ಳೋಣ ಎಂದು ಓಡಿ ಬಂದಿದ್ದಳು.

ಇಬ್ಬರು ಸುಳ್ಳರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಗುಮಾಸ್ತ ಅಕ್ಕನ ಕಥೆ ಹೇಳಿದ, ಕುರ್ಚಿಗಳ ಕಥೆ ಹೇಳಿದ. ಆಕೆ ಬಾಗಿಲ ಸಂದಿಗೆ ಕಣ್ಣು ಹಚ್ಚಿದಳು. ಹೊರಗೆ ಕರಿಹಲಗೆಯ ಮುಂದೆ ಜನ ತಲೆಗೆ ತಲೆ ತಾಗಿಸಿ ನಿಂತಿದ್ದರು. ದರ್ಜಿ ಸೀಮೆಸುಣ್ಣದಲ್ಲಿ ಏನೋ ಬರೆಯಲು ಹೋಗಿ ಕಾಗುಣಿತಕ್ಕೆ ತಡವರಿಸುತ್ತಿದ್ದ, ಮೇಷ್ಟ್ರು ಆ ಉದ್ದ ತೋಳಿನ ಕೋಟಿನಲ್ಲೇ ಕೈ ಚಾಚಿ ತಿದ್ದಿಕೊಡುತ್ತಿದ್ದರು.

ಇವರೆಲ್ಲ ಮೊದಲಿನಿಂದ ಹೀಗೇ ಒಟ್ಟಿಗಿದ್ದರೇ ಎಂದು ಆಕೆ ಕೇಳಿದಳು. ಒಟ್ಟಿಗೆಲ್ಲಿ ಬಂತು, ಅಗೋ ಅವರಿಬ್ಬರು ಆ ಕೋಟಿಗಾಗಿಯೇ ವರ್ಷಗಟ್ಟಲೆ ಮುಖ ನೋಡಿರಲಿಲ್ಲ ಎಂದ ಗುಮಾಸ್ತ. ಆಕೆ ಇನ್ನೂ ಸ್ವಲ್ಪ ಹೊತ್ತು ಹಾಗೇ ನೋಡಿದಳು. ಆಮೇಲೆ ಸರಕ್ಕನೆ ತಿರುಗಿ ಮೇಜಿನ ಮುಂದೆ ಕುಳಿತು, ಪುಸ್ತಕ ಬಿಡಿಸಿ, ಕೈಚೀಲದಿಂದ ಸಣ್ಣ ಮೊನೆಯ ಪೆನ್ನು ತೆಗೆದಳು.

"ಬಾಗಿಲು ಹಿಡ್ಕೊಳ್ಳಿ," ಎಂದಳು. "ಈ ಕಡೆ ತಿರುಗಬೇಡಿ. ನೋಡಿದ್ದೀನಿ ಅನ್ನೋ ಬಾಯಿ ನಿಮ್ಮದು."

ಗುಮಾಸ್ತ ಬಾಗಿಲಿಗೆ ಮುಖ ಹಾಕಿ ಗಟ್ಟಿಯಾಗಿ ಹಿಡಿದ. ಗ್ರಂಥಾಲಯದ ಪುಸ್ತಕದಲ್ಲಿ, ಅದೂ ಶಾಯಿಯಲ್ಲಿ, ಅಕ್ಕನ ಬೋರ್ಡಿನಿಂದ ಮೂರು ಮಾರು ದೂರದಲ್ಲಿ ಗೀಚುವ ಅಪರಾಧಕ್ಕೆ ಕಾವಲು ನಿಂತಿದ್ದೇನೆಂದು ಅವನಿಗೆ ಬೆವರಿಳಿಯುತ್ತಿತ್ತು. ಒಳಗೆ ಏನು ನಡೆಯುತ್ತಿದೆ ಎಂಬ ಕುತೂಹಲ ತಾಳಲಾರದೆ ದರ್ಜಿ ಹೊರಗಿನಿಂದ ಹೆಗಲು ಕೊಟ್ಟು ಒತ್ತಿದ. ಗುಮಾಸ್ತ ಒಳಗಿನಿಂದ ಒತ್ತಿದ. ಎಂದೂ ಸರಿಯಾಗಿ ಮುಚ್ಚಿಕೊಳ್ಳದ ಬಾಗಿಲು ಅಂದು ಮಾತ್ರ ಸರಿಯಾಗಿ ಮುಚ್ಚಿಕೊಂಡಿತು, ಅವನ ಬಲಗೈ ಹೆಬ್ಬೆರಳನ್ನು ಸೇರಿಸಿಕೊಂಡು.

ಅವನ ಕೂಗಿಗೆ ಇಡೀ ಕೋಣೆ ಎದ್ದು ನಿಂತಿತು. ಕೈಗೆ ಬಟ್ಟೆ ಸುತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಅವನು ಹೊರಗೆ ಬಂದಾಗ, ಸತ್ಯ ದರ್ಶನದಿಂದ ಅವನಿಗೆ ಅಳು ಬಂದಿದೆಯೆಂದು ಹಿಂದಿನ ಸಾಲಿನವರು ಭಾವಿಸಿದರು. ಚಿತ್ರಗಾರ್ತಿ ಸಾಹೇಬರ ಮುಂದೆ ನಿಂತು, ಪದ ಆ ಚಿತ್ರದಲ್ಲಿ ಇದೆ, ಬರೆದವಳೇ ಹೇಳುತ್ತಿದ್ದೇನೆ, ಎಲ್ಲಿದೆಯೆಂದು ಮಾತ್ರ ತೋರಿಸುವುದಿಲ್ಲ, ಬೇರೆ ಶಾಖೆಯ ಪ್ರತಿಗಳಲ್ಲಿ ಹುಡುಕುವವರು ಸಮಯ ವ್ಯರ್ಥ ಮಾಡಬೇಡಿ ಎಂದಳು.

ಗುಮಾಸ್ತ ಅಕ್ಕನ ಕಡೆ ನೋಡಿದ. ಅವಳು ಕೈಯಲ್ಲಿ ಸವೆದ ರಬ್ಬರು ಹಿಡಿದುಕೊಂಡು ನಿಂತಿದ್ದಳು. ಈ ಸಲ ಬಾಯಿಗೆ ಬಂದದ್ದು ಕೆಳಗಿಳಿಯಲಿಲ್ಲ.

"ಅಕ್ಕಾ, ಅದು ಎಲ್ಲಿದೆಯೋ ನನಗೆ ಗೊತ್ತಿಲ್ಲ," ಎಂದ ಎಲ್ಲರೆದುರು. "ನಾನು ನೋಡಿಲ್ಲ. ಮೊದಲ ದಿನ ಹೇಳಿದ್ದೇ ಸುಳ್ಳು. ನಿನಗೆ ಮೊದಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ."

ಎಂಥ ಚಪ್ಪಾಳೆ ಎದ್ದಿತೆಂದರೆ ಫ್ಯಾನಿನ ಮೇಲಿನ ಧೂಳು ಉದುರಿತು. ಒಬ್ಬನೂ ಅವನ ಮಾತು ನಂಬಲಿಲ್ಲ. ಬೆರಳು ಜಜ್ಜಿದರೂ ಗುಟ್ಟು ಬಿಡಲಿಲ್ಲ, ಕಡೆಗೆ ತನ್ನ ಮಾನವನ್ನೇ ಬಿಟ್ಟುಕೊಟ್ಟ ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು. ಇಲ್ಲ, ದೇವರಾಣೆ ನೋಡಿಲ್ಲ ಎಂದು ಗುಮಾಸ್ತ ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಸಾಹೇಬರು ಕೂಡ ಅವನ ಕಟ್ಟು ಹಾಕಿದ ಕೈಯನ್ನು ಹುಷಾರಾಗಿ ಕುಲುಕಿ, ಇಲಾಖೆಗಳಲ್ಲಿ ಇಂಥವರು ಅಪರೂಪ ಎಂದರು. ಆಮೇಲೆ, ಒಂದು ಸಲ ಪರಿಶೀಲಿಸುತ್ತೇನೆ, ಅಷ್ಟೇ, ಎಂದು ಪುಸ್ತಕ ತೆಗೆದುಕೊಂಡು ಕಿಟಕಿಯ ಹತ್ತಿರ ಕುಳಿತರು.

ಕುಳಿತವರು ಮುಚ್ಚುವ ಗಂಟೆ ಹೊಡೆದರೂ ಏಳಲಿಲ್ಲ. ಅಕ್ಕ ಪಕ್ಕದಲ್ಲಿ ಹೋಗಿ ನಿಂತಾಗ ತಲೆ ಎತ್ತಿ, ತಪಾಸಣೆ ಇನ್ನೂ ಮುಗಿದಿಲ್ಲ, ಮುಗಿಯುವ ತನಕ ಶಾಖೆ ಮುಚ್ಚಲು ನಿಯಮವಿಲ್ಲ, ಮುಂದಿನ ಶನಿವಾರ ಬರುತ್ತೇನೆ ಎಂದು ಹೇಳಿ ಹೊರಟರು. ಅವರು ಮುಂದಿನ ಶನಿವಾರವೂ ಬಂದರು, ಅದರ ಮುಂದಿನ ಶನಿವಾರವೂ ಬಂದರು. ಕುರ್ಚಿಗಳು ಮಾತ್ರ ಬರಲಿಲ್ಲ. ಊರಿನ ಬೇರೆ ಭಾಗದ ಜನ ಅಲ್ಲಿನ ಪ್ರತಿಗಳನ್ನು ಬಿಟ್ಟು ಇಲ್ಲಿಗೆ ಬಂದರು.

ತಪಾಸಣೆಯ ಆ ಮೊದಲ ಸಂಜೆ ಎಲ್ಲರೂ ಹೋದ ಮೇಲೆ ಅಕ್ಕ ಎಂದಿನಂತೆ ಕೊನೆಯ ಚಿತ್ರ ಬಿಡಿಸಿಕೊಂಡು ರಬ್ಬರು ಎತ್ತಿದಳು. ಪುಟದ ಎಲ್ಲೋ ಒಂದು ಕಡೆ ಅವಳ ಕೈ ತಡೆಯಿತು. ಸ್ವಲ್ಪ ಹೊತ್ತು ನೋಡಿ, ರಬ್ಬರನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

"ನೀನು ನೋಡಿಲ್ಲ ಅಂದಿದ್ದನ್ನ ನಂಬಿದವಳು ನಾನೊಬ್ಬಳೇ ನೋಡು," ಎಂದಳು. "ನೋಡಿದ್ದೀನಿ ಅಂದಿದ್ದನ್ನ ನಂಬದವಳೂ ನಾನೇ."

ಗುಮಾಸ್ತನಿಗೆ ಎದೆಯ ಮೇಲಿದ್ದ ಕಲ್ಲು ಇಳಿಯಿತು. ನಾಚಿಕೆಯಿಂದ ಅವನು ಕೆಲವು ವಾರ ಆ ಪುಸ್ತಕದ ಹತ್ತಿರ ಸುಳಿಯಲಿಲ್ಲ. ಒಂದು ಸಂಜೆ ಮೇಜು ಖಾಲಿಯಿತ್ತು. ಅಕ್ಕ ಬೀರುವಿನ ಹಿಂದೆ ಏನೋ ಜೋಡಿಸುತ್ತಿದ್ದಳು. ಸುಮ್ಮನೆ ಪುಟ ತಿರುವಿದ. ಬಲಗೈ ಹೆಬ್ಬೆರಳಿಗೆ ಇನ್ನೂ ಕಟ್ಟು ಇತ್ತು, ಒತ್ತಿದರೆ ನೋವು. ಹಾಗಾಗಿ ಎಡಗೈಯಿಂದ ಪುಟದ ಮೇಲ್ತುದಿ ಹಿಡಿದ. ಕೆಳಮೂಲೆಯ ಆ ಕೊಡೆಯ ಪೆದ್ದ ಬಹಳ ದಿನಗಳ ಮೇಲೆ ಪೂರ್ತಿಯಾಗಿ ಕಂಡ. ಕೊ‌ಡೆಯ ಹಿಡಿ ಎಂದೂ ಹಾಗೆ ಬಾಗಿರಲಿಲ್ಲ. ಕನ್ನಡಕದ ದಾರ ಎಂದೂ ಹಾಗೆ ಸುತ್ತಿಕೊಂಡಿರಲಿಲ್ಲ. ಹಿಡಿಯಲ್ಲಿ ಒಂದಕ್ಷರ, ದಾರದಲ್ಲಿ ಇನ್ನೊಂದಕ್ಷರ.

ಜೊತೆ.

ಕಳೆದುಕೊಂಡದ್ದನ್ನು ಹುಡುಕಿ ಹೊರಟವನಿಗೆ ಕೊನೆಗೆ ಸಿಕ್ಕಿದ್ದು ಜೊತೆ. ಗುಮಾಸ್ತ ಅದನ್ನು ಮತ್ತೆ ಮತ್ತೆ ಓದಿದ. ಅವನ ಕಣ್ಣು ಮಂಜಾಯಿತು. ಎದ್ದು ಬೀದಿಯಲ್ಲಿ ಕೂಗಿಕೊಂಡು ಓಡಬೇಕೆನಿಸಿತು. ಮೇಷ್ಟ್ರಿಗೆ, ದರ್ಜಿಗೆ, ಎಂಜಿನಿಯರ್‌ಗೆ, ಹೆಂಡತಿಗೆ, ಕಂಡಕಂಡವರಿಗೆಲ್ಲ ಈ ಸಲ ನಿಜವಾಗಿ ನೋಡಿದ್ದೀನಿ ಎಂದು ಹೇಳಬೇಕೆನಿಸಿತು. ಆಗ ಕಿಟಕಿಯ ಹತ್ತಿರ ಯಾರೋ ಕುರ್ಚಿ ಎಳೆದ ಸದ್ದಾಯಿತು. ಅಂದು ಶನಿವಾರ. ಸಾಹೇಬರು ಬಂದಿದ್ದರು.

ಅವರು ಪುಸ್ತಕ ಕೇಳಿದರು. ಗುಮಾಸ್ತ ಕೊಟ್ಟ. ನಿಮಗೆ ಆ ಪದ ಸಿಕ್ಕಿತ್ತು ಅಂತಾರಲ್ಲ, ನಿಜ ಹೇಳಿ, ನೋಡಿದ್ದೀರಾ ಎಂದು ಅವರು ತಮ್ಮ ಸಣ್ಣ ದನಿಯಲ್ಲಿ ಕೇಳಿದರು. ಗುಮಾಸ್ತನ ನಾಲಿಗೆಯ ತುದಿಗೆ ಅಭ್ಯಾಸದ ಮಾತು ಬಂದು ನಿಂತಿತು. ಬೀರುವಿನ ಹಿಂದೆ ಅಕ್ಕನ ಕೈ ಸುಮ್ಮನಾದದ್ದು ಅವನಿಗೆ ಕೇಳಿಸಿತು. ಅವನು ಆ ಮಾತನ್ನು ನುಂಗಿಕೊಂಡ.

"ಇಲ್ಲ ಸ್ವಾಮಿ, ನೋಡಿಲ್ಲ."

ಸಾಹೇಬರು ಅವನ ಮುಖವನ್ನು ಒಂದಿಷ್ಟು ಹೊತ್ತು ನೋಡಿ, ತಲೆದೂಗಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕೊನೆಯ ಚಿತ್ರ ಬಿಡಿಸಿ, ಕೆಳಮೂಲೆಯ ಕೊಡೆಯವನ ಮೇಲೆ ಸರಿಯಾಗಿ ತಮ್ಮ ಹೆಬ್ಬೆರಳನ್ನು ಇಟ್ಟು ಮುಚ್ಚಿದರು.

"ನನಗೂ ಇನ್ನೂ ಸಿಕ್ಕಿಲ್ಲ," ಎಂದರು. "ಮುಂದಿನ ಶನಿವಾರ ನೋಡೋಣ."